ನಟರ ಆತ್ಮಕಥೆ: ಹೆಸರು ಬಂದ ಮೇಲೆ ಪುಸ್ತಕ ಏಕೆ ಸೊರಗುತ್ತದೆ?

ನೇಪಥ್ಯ

ನಟ ನಟಿಯರ ಆತ್ಮಕಥೆಗಳನ್ನು ಒಂದರ ಹಿಂದೊಂದು ಓದುತ್ತಾ ಬಂದಿದ್ದೇನೆ. ಕನ್ನಡದವು ಹೆಚ್ಚು, ನಡುನಡುವೆ ಬೇರೆ ಭಾಷೆಯವು. ಹೆಚ್ಚಿನ ಪುಸ್ತಕಗಳಿಗೆ ಒಂದೇ ಕಾಯಿಲೆ. ಬಾಲ್ಯದ ಪುಟಗಳು ಊಟದ ಹೊತ್ತು ಮೀರಿದರೂ ಓದಿಸಿಕೊಳ್ಳುತ್ತವೆ. ಸಾಲ ಮಾಡಿ ಊರು ಬಿಟ್ಟ ಚಿಕ್ಕಪ್ಪ, ಮಗನ ನಾಟಕದ ಹುಚ್ಚು ಬಿಡಿಸಲು ಬೆತ್ತ ಹಿಡಿದ ಅಪ್ಪ, ಒಡವೆ ಅಡವಿಟ್ಟು ಯಾರಿಗೂ ಹೇಳದ ಅಮ್ಮ, ಎಲ್ಲರೂ ಮೈತುಂಬಿಕೊಂಡು ಬರುತ್ತಾರೆ. ಮೊದಲ ದೊಡ್ಡ ಯಶಸ್ಸಿನ ಅಧ್ಯಾಯ ಮುಗಿಯಿತೋ, ಪುಸ್ತಕ ಸೊರಗತೊಡಗುತ್ತದೆ. ಆಮೇಲೆ ಸನ್ಮಾನ, ಶಾಲು, ವಿದೇಶ ಪ್ರವಾಸ, ಮಂತ್ರಿಗಳ ಜೊತೆಗಿನ ಫೋಟೋ. ಹೆಂಡತಿ ಮಕ್ಕಳಿಗೆ ಕೃತಜ್ಞತೆಯ ಒಂದು ಪ್ಯಾರಾ.

ಇದಕ್ಕೆ ನನಗೆ ಹೊಳೆಯುವ ಕಾರಣ ತೀರಾ ಸರಳವಾದದ್ದು. ಬಾಲ್ಯದಲ್ಲಿ ಬರುವವರು ಬಹುಪಾಲು ತೀರಿಕೊಂಡಿರುತ್ತಾರೆ. ಹೆಸರು ಬಂದ ಮೇಲಿನ ಅಧ್ಯಾಯಗಳಲ್ಲಿ ಇರುವವರು ಬದುಕಿದ್ದಾರೆ, ಪುಸ್ತಕ ಕೊಳ್ಳುತ್ತಾರೆ, ಫೋನ್ ಮಾಡಿ ಕೇಳುತ್ತಾರೆ.

ಈ ಮಾತಿಗೆ ಹೊರತಾಗಿ ನಿಲ್ಲುವುದು ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011). ಅದರ ಅರ್ಪಣೆಯನ್ನೇ ನೋಡಿ. ಪುಣೆಯ ವೈದ್ಯೆ ಮಧುಮಾಲತಿ ಗುಣೆ ಅವರಿಗೆ ಪುಸ್ತಕ ಅರ್ಪಿತವಾಗಿದೆ. ತಾಯಿ ಗರ್ಭಪಾತಕ್ಕೆಂದು ಆಕೆಯ ದವಾಖಾನೆಗೆ ಹೋಗಿದ್ದರು, ವೈದ್ಯೆ ಬರಲಿಲ್ಲ, ಕಾದು ವಾಪಸಾದರು, ಹೀಗೆ ತಾನು ಹುಟ್ಟಿದೆ ಎನ್ನುತ್ತಾರೆ ಕಾರ್ನಾಡರು. ಈ ಸಂಗತಿ ಮಗನಿಗೆ ತಿಳಿದದ್ದು ಅವರು ಹೆಸರು ಮಾಡಿದ ಮೇಲೆ, ಊಟದ ಮೇಜಿನ ಮುಂದೆ, ತಾಯಿಯ ಬಾಯಿಂದಲೇ. ಮನೆಯ ಗುಟ್ಟನ್ನು ಇಷ್ಟು ತಣ್ಣಗೆ ಮೊದಲ ಪುಟದಲ್ಲಿಟ್ಟ ಇನ್ನೊಬ್ಬ ಕನ್ನಡ ನಟ ನನ್ನ ಓದಿನಲ್ಲಿ ಸಿಕ್ಕಿಲ್ಲ. ನೀವು ಏನು ಹೇಳುತ್ತೀರಿ?

ಬಣ್ಣದಪೆಟ್ಟಿಗೆ

ನೇಪಥ್ಯ ಅವರೇ, ನಿಮ್ಮ ಲೆಕ್ಕ ಸಿನಿಮಾದವರಿಗೆ ಸರಿಹೋಗಬಹುದು. ಕಂಪನಿ ನಾಟಕದವರಿಗೆ ಸರಿಹೋಗುವುದಿಲ್ಲ. ನಮ್ಮ ಅಜ್ಜನ ಕಡೆಯವರು ಒಂದು ಕಂಪನಿಯಲ್ಲಿ ಇದ್ದವರು, ಆ ಮಾತುಗಳನ್ನು ಕೇಳುತ್ತಲೇ ಬೆಳೆದೆ. ಅಲ್ಲಿ ಮೊದಲು ಬಾಲ್ಯ, ಆಮೇಲೆ ಹೆಸರು ಎಂಬ ಕ್ರಮವೇ ಇರಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ಕೃಷ್ಣನ ಪಾತ್ರ. ನಡೆಯಲು ಬಂದರೆ ಲೋಹಿತಾಶ್ವ. ಮಾತು ಸ್ಪಷ್ಟವಾದರೆ ಪ್ರಹ್ಲಾದ. ದನಿ ಇಂಪಾಗಿದ್ದ ಹುಡುಗನಿಗೆ ಸ್ತ್ರೀಪಾತ್ರ. ಕ್ಯಾಂಪ್ ಇದ್ದಷ್ಟು ದಿನ ಆ ಊರಿನ ಶಾಲೆ, ಕ್ಯಾಂಪ್ ಎದ್ದರೆ ಶಾಲೆಯೂ ಎದ್ದಿತು. ಅಕ್ಷರ ಕಲಿತದ್ದು ಪಾತ್ರದ ಕಾಪಿಯಿಂದ, ರಾಗ ಕಲಿತದ್ದು ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರ ಬೈಗುಳದಿಂದ.

ಆ ಹುಡುಗರ ಪಾಲಿಗೆ ದೊಡ್ಡವನಾಗುವುದು ಎಂದರೆ ದನಿ ಒಡೆಯುವುದು. ನಿನ್ನೆಯವರೆಗೆ ಯಾರ ಪದಕ್ಕೆ ಒನ್ಸ್‌ಮೋರ್ ಬೀಳುತ್ತಿತ್ತೋ ಅವನು ಒಂದು ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಬೇರೆಯವರು ಕೂತಿರುತ್ತಿದ್ದರು. ಮಾಲೀಕರು ಕೆಲವು ದಿನ ನೋಡುತ್ತಿದ್ದರು. ದನಿ ಮರಳದಿದ್ದರೆ ಸೀತೆಯ ಸೀರೆ ಇನ್ನೊಬ್ಬ ಹುಡುಗನಿಗೆ. ಹದಿಮೂರು ಹದಿನಾಲ್ಕನೇ ವಯಸ್ಸಿಗೆ ಕೀರ್ತಿ ಮುಗಿದು ಪರದೆ ಎಳೆಯಲು ನಿಂತವರು ಎಷ್ಟೋ ಮಂದಿ. ಅವರ ಆತ್ಮಕಥೆ ಯಾರೂ ಬರೆಯಲಿಲ್ಲ. ಬರೆದವರು ಆ ಕಂಟಕ ದಾಟಿದವರು ಮಾತ್ರ.

ಏಣಗಿ ಬಾಳಪ್ಪನವರು ದಾಟಿದವರಲ್ಲಿ ಒಬ್ಬರು. ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರ ಮಾಡಿ, ಬೆಳೆದ ಮೇಲೆ ಬಸವೇಶ್ವರನಾಗಿ ಉತ್ತರ ಕರ್ನಾಟಕದ ಮನೆಮಾತಾದರು. ಮುಂದೆ ಕಲಾವೈಭವ ನಾಟ್ಯ ಸಂಘದ ಒಡೆಯರೂ ಆದರು. 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡವರು. ಅವರ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಓದಿ. ಅಲ್ಲಿ ಪುಸ್ತಕ ಸೊರಗುವುದು ಹೆಸರು ಬಂದಾಗಲ್ಲ, ಟೆಂಟಿನ ಎದುರಿಗೆ ಸಿನಿಮಾ ಬಂದಾಗ.

ಅರ್ಧವಿರಾಮ

ಪುಸ್ತಕದ ಹೆಸರು ಎತ್ತಿದ್ದೀರಿ, ಆದರೆ ಒಂದು ಸಂಗತಿಯನ್ನು ಹಾರಿಸಿದ್ದೀರಿ. ಆ ಪುಸ್ತಕವನ್ನು ಬಾಳಪ್ಪನವರು ಹೇಳಿದರು, ಬರೆದದ್ದು ಗಣೇಶ ಅಮೀನಗಡ. ರಂಗನಟಿ ಬಿ. ಜಯಶ್ರೀ ಅವರ ‘ಕಣ್ಣಾಮುಚ್ಚೇ ಕಾಡೇ ಗೂಡೇ’ಯನ್ನು ಅಕ್ಷರಕ್ಕಿಳಿಸಿದವರು ಪ್ರೀತಿ ನಾಗರಾಜ. ರಂಗನಿರ್ದೇಶಕ ಬಿ.ವಿ. ಕಾರಂತರ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ಯನ್ನು ನಿರೂಪಿಸಿದವರು ವೈದೇಹಿ. ಮರಾಠಿಯ ನಟಿ ಹಂಸಾ ವಾಡಕರ್ ಹೇಳಿದ್ದನ್ನು ಬರೆದವರು ಅರುಣ ಸಾಧು. ನಟರ ಆತ್ಮಕಥೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇಬ್ಬರು ಸೇರಿ ಮಾಡಿದ ಕೆಲಸ.

ಹಾಗಾಗಿ ಯಾವ ಅಧ್ಯಾಯ ತುಂಬಿಕೊಂಡಿದೆ, ಯಾವುದು ಸೊರಗಿದೆ ಎಂಬುದು ಕೇಳುವವರನ್ನೂ ಅವಲಂಬಿಸಿದೆ. ಕೇಳುವವರಿಗೆ ಕಂಪನಿಯ ಬಾಲ್ಯ ಹೊಸತು, ಅಚ್ಚರಿಯದು. ಕೆದಕಿ ಕೆದಕಿ ಕೇಳುತ್ತಾರೆ. ಪ್ರಸಿದ್ಧಿಯ ಕಾಲದ್ದು ಪತ್ರಿಕೆಗಳಲ್ಲಿ ಬಂದಿದೆ, ಕೇಳುವ ಹಸಿವೇ ಇರುವುದಿಲ್ಲ. ಮೇಲಾಗಿ ಹಿರಿಯ ಕಲಾವಿದರ ಎದುರಿಗೆ ಕುಳಿತು ‘ನಿಮ್ಮ ಹೆಂಡತಿಗೆ ನೀವು ಅನ್ಯಾಯ ಮಾಡಿದಿರಾ’ ಎಂದು ಕೇಳುವ ಎದೆಗಾರಿಕೆ ಎಷ್ಟು ಮಂದಿಗಿದೆ?

ತೆರೆಮರೆ

ಹೆಂಡತಿಯೇ ಬರೆದರೆ ಆಯಿತಲ್ಲ! ಪ್ರೇಮಾ ಕಾರಂತರು ಬರೆದಿದ್ದಾರೆ, ‘ಸೋಲಿಸಬೇಡ ಗೆಲಿಸಯ್ಯ’.

ಅರ್ಧವಿರಾಮ

ಹೌದು, ಅದನ್ನು ಹೇಳುವವಳಿದ್ದೆ. ಕಾರಂತರ ಪುಸ್ತಕ ಮತ್ತು ಪ್ರೇಮಾ ಅವರ ಪುಸ್ತಕ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಮಂಚಿಯ ಹುಡುಗ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರುವ ಪ್ರಸಂಗ ಕಾರಂತರ ಬಾಯಲ್ಲಿ ಒಂದು ಸಾಹಸಕಥೆ. ಓಡಿಹೋಗುವ ಅಭ್ಯಾಸ ಇರುವವನ ಜೊತೆ ಸಂಸಾರ ಮಾಡಿದವರ ಪುಸ್ತಕ ಬೇರೆಯದೇ. ಪ್ರೇಮಾ ‘ಫಣಿಯಮ್ಮ’ದಂಥ ಚಿತ್ರ ನಿರ್ದೇಶಿಸಿದವರು, ಮಕ್ಕಳ ರಂಗಭೂಮಿ ಕಟ್ಟಿದವರು. ಆದರೂ ಎಷ್ಟೋ ಕಡೆ ಅವರ ಪರಿಚಯ ಇಂದಿಗೂ ‘ಕಾರಂತರ ಪತ್ನಿ’ ಎಂದೇ ಶುರುವಾಗುತ್ತದೆ. ತಮ್ಮ ಪುಸ್ತಕ ಹೊರಬಂದಾಗ ಕಾರಂತರು ಇರಲಿಲ್ಲ, 2002ರಲ್ಲೇ ಹೋಗಿದ್ದರು. ಎರಡು ಪುಸ್ತಕಗಳು ಮಾತಾಡಿಕೊಳ್ಳುವಷ್ಟು ಆ ಇಬ್ಬರು ಮಾತಾಡಿಕೊಂಡಿದ್ದರೋ ಎಂಬ ಅನುಮಾನ ಓದುವಾಗಲೆಲ್ಲ ಕಾಡುತ್ತದೆ.

ನೇಪಥ್ಯ

ನಿರೂಪಕರ ಮಾತು ಒಪ್ಪಿದೆ. ಆದರೆ ಕಾರ್ನಾಡರು ತಾವೇ ಬರೆದವರು, ಚಾಪ್ಲಿನ್ ತಾನೇ ಬರೆದವನು. ಚಾಪ್ಲಿನ್‌ನ 1964ರ ಆತ್ಮಕಥೆಯಲ್ಲೂ ನಾನು ಹೇಳಿದ ಕಾಯಿಲೆ ಇದೆಯಲ್ಲ! ಲಂಡನ್ನಿನ ಬಡತನ, ಅನಾಥಾಲಯದಂಥ ದುಡಿಮನೆ, ವೇದಿಕೆಯಲ್ಲಿ ದನಿ ಕೈಕೊಟ್ಟ ತಾಯಿಯ ಬದಲು ಐದು ವರ್ಷದ ಮಗ ನಿಂತು ಹಾಡುವುದು, ಆಮೇಲೆ ಆ ತಾಯಿಯ ಮನಸ್ಸು ಕದಡಿಹೋಗುವುದು, ಇವುಗಳ ಮುಂದೆ ನಿಲ್ಲುವ ಬಾಲ್ಯದ ಬರಹ ಕಡಿಮೆ. ದ್ವಿತೀಯಾರ್ಧ ಬರೀ ದೊಡ್ಡವರ ಭೇಟಿಗಳ ದಿನಚರಿ. ಎರಡನೆಯ ಹೆಂಡತಿಯ ವಿಷಯಕ್ಕೆ ಬಂದಾಗ, ಅವಳಿಂದ ನನಗೆ ಇಬ್ಬರು ಬೆಳೆದ ಗಂಡುಮಕ್ಕಳಿದ್ದಾರೆ, ವಿವರಕ್ಕೆ ಇಳಿಯುವುದಿಲ್ಲ ಎಂಬರ್ಥದ ಮಾತು ಹೇಳಿ ದಾಟಿಬಿಡುತ್ತಾನೆ.

ಮೂರನೆಯ ಗಂಟೆ

ಅದರಲ್ಲಿ ತಪ್ಪೇನಿದೆ? ನನಗಂತೂ ಚಾಪ್ಲಿನ್‌ನ ಆ ಒಂದು ಸಾಲಿನ ಮೇಲೆ ಗೌರವವಿದೆ. ಓದುಗನಿಗೆ ಎಲ್ಲವನ್ನೂ ತಿಳಿಯುವ ಹಕ್ಕಿದೆ ಎಂದು ಹೇಳಿಕೊಟ್ಟವರು ಯಾರು? ನಟ ಹೆಸರು ಮಾಡಲು ಒಪ್ಪಿದ್ದಾನೆ. ಅವನ ತಂಗಿ ಒಪ್ಪಿದ್ದಾಳೆಯೇ? ಅವನ ಭಾವ? ನಟನ ಮನೆಯಲ್ಲಿ ಹುಟ್ಟಿದ ತಪ್ಪಿಗೆ ಅವರ ಮನೆಮಾತು ಬೀದಿಮಾತಾಗಬೇಕೇ? ಪುಸ್ತಕ ಸೊರಗಿದರೆ ಸೊರಗಲಿ, ಬದುಕಿರುವವರು ನೆಮ್ಮದಿಯಾಗಿರಲಿ.

ನೇಪಥ್ಯ

ಹಾಗಿದ್ದರೆ ತೀರಿಕೊಂಡ ಅಮ್ಮ ಒಪ್ಪಿದ್ದರೇ? ಅವರ ಗುಟ್ಟನ್ನು ಬರೆಯಬಹುದು, ತಂಗಿಯದನ್ನು ಬರೆಯಬಾರದು ಎಂದರೆ ಅದು ಧರ್ಮವಲ್ಲ, ಜಗಳದ ಭಯ.

ಹಳೆಯ ಸಂಚಿಕೆ

ಕಾರ್ನಾಡರ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರವಿದೆ. ತಾಯಿ ಮುಪ್ಪಿನಲ್ಲಿ ತಮ್ಮ ಬದುಕಿನ ಬಗ್ಗೆ ತಾವೇ ಬರೆದಿಟ್ಟಿದ್ದರು. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಕಂಕುಳಲ್ಲಿ ಒಂದು ಮಗು ಇಟ್ಟುಕೊಂಡು ನರ್ಸಿಂಗ್ ಕಲಿಯಲು ಹೋಗಿ, ಅಲ್ಲಿ ಪರಿಚಯವಾದ ವೈದ್ಯರನ್ನು ಮದುವೆಯಾಗಲು ವರ್ಷಗಟ್ಟಲೆ ಕಾದ ಹೆಂಗಸು ಆಕೆ. ಆ ಕಾಲದ ಸಾರಸ್ವತ ಸಮಾಜದಲ್ಲಿ ವಿಧವಾ ವಿವಾಹ ಎಂಥ ಮಾತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ ಅದನ್ನು ಕದ್ದು ಹೇಳಲಿಲ್ಲ, ಆಕೆ ಬರೆದದ್ದನ್ನು ಎತ್ತಿ ಹಿಡಿದರು. ಮನೆಯವರು ತಾವೇ ಬರೆದಿಟ್ಟರೆ ಮಾತು ಬೇರೆ.

ಅಂದಹಾಗೆ ಅನಂತನಾಗ್ ಅವರ ‘ನನ್ನ ತಮ್ಮ ಶಂಕರ’ ಯಾರಿಗೂ ನೆನಪಾಗಲಿಲ್ಲವೇಕೆ? ಕನ್ನಡದ ದೊಡ್ಡ ನಟರೊಬ್ಬರು ನೆನಪು ಬರೆಯಲು ಕುಳಿತಾಗ ತಮ್ಮ ಬಗ್ಗೆ ಬರೆಯದೆ ತಮ್ಮನ ಬಗ್ಗೆ ಬರೆದರು. ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಾಗ ವಯಸ್ಸು ಮೂವತ್ತೈದು. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಮುಂಬೈ ರಂಗಭೂಮಿಯಲ್ಲಿ ಹದಗೊಂಡವರು, ‘ಮಿಂಚಿನ ಓಟ’ದಲ್ಲಿ ಅಣ್ಣ ನಟಿಸಿದ, ತಮ್ಮ ನಿರ್ದೇಶಿಸಿ ತಾನೂ ನಟಿಸಿದ. ಅಲ್ಲಿ ಹೆಸರು, ಮನೆ, ಬಾಲ್ಯ ಎಂದು ಮೂರು ಕಪಾಟು ಮಾಡಲು ಬರುವುದಿಲ್ಲ. ನನ್ನ ಮಟ್ಟಿಗೆ ಹೆಸರು ಬಂದ ಮೇಲೂ ಸೊರಗದ ಪುಸ್ತಕ ಅದು. ಕಾರಣ, ಬರೆಯುವವನ ಕಣ್ಣು ತನ್ನ ಮೇಲೆ ಇಲ್ಲ.

ಬಣ್ಣದಪೆಟ್ಟಿಗೆ

ಇದು ಮನಸ್ಸಿಗೆ ಹಿಡಿಸಿದ ಮಾತು.

ಸಂಜೆ ಶಿಫ್ಟ್

ಇಲ್ಲಿಯವರೆಗೆ ಓದಿಕೊಂಡು ಸುಮ್ಮನಿದ್ದೆ. ನಾನು ಚಿಕ್ಕವಳಿದ್ದಾಗ ಒಂದು ಧಾರಾವಾಹಿಯಲ್ಲಿ ನಟಿಸಿದ್ದೆ. ಯಾವುದು ಎಂದು ಹೇಳುವುದಿಲ್ಲ. ಈಗ ನನ್ನನ್ನು ನೋಡಿ ಗುರುತಿಸುವವರು ಯಾರೂ ಇಲ್ಲ, ಹೀಗೇ ಇರಲಿ.

ಶಾಲೆಯಲ್ಲಿ ಟೀಚರ್‌ಗಳೂ ನನ್ನನ್ನು ಪಾತ್ರದ ಹೆಸರಿನಿಂದ ಕರೆಯುತ್ತಿದ್ದರು. ಮದುವೆ ಮನೆಗಳಲ್ಲಿ ‘ಒಂದು ಡೈಲಾಗ್ ಹೇಳು ಪುಟ್ಟ’ ಎಂದು ಎತ್ತಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದರು. ಅಳುವ ದೃಶ್ಯ ಬಂದರೆ ಅಮ್ಮ ಕ್ಯಾಮೆರಾದ ಪಕ್ಕದಲ್ಲಿ ನಿಂತು, ನಮ್ಮ ನಾಯಿ ಸತ್ತದ್ದನ್ನು ನೆನಪಿಸುತ್ತಿದ್ದಳು. ನನ್ನ ಜೊತೆ ಸೆಟ್ಟಿಗೆ ಬರಲೆಂದೇ ಅಮ್ಮ ಕೆಲಸ ಬಿಟ್ಟಿದ್ದಳು. ನನ್ನ ಸಂಭಾವನೆಯಲ್ಲಿ ಅಕ್ಕನ ಕಾಲೇಜು ಶುಲ್ಕ ಹೋಯಿತು, ಮನೆಗೆ ತಾರಸಿ ಬಂತು. ಅಕ್ಕ ಇಂದಿಗೂ ಅದರ ಬಗ್ಗೆ ಮಾತಾಡುವುದಿಲ್ಲ. ಎತ್ತರ ಬೆಳೆದೆ, ಹಲ್ಲು ಬದಲಾಯಿತು, ಕಥೆಯಲ್ಲಿ ಪಾತ್ರ ಹತ್ತು ವರ್ಷ ಮುಂದಕ್ಕೆ ಹಾರಿತು, ಬೇರೆ ಹುಡುಗಿ ಬಂದಳು. ಬಣ್ಣದಪೆಟ್ಟಿಗೆ ಅವರು ಬರೆದ ದನಿ ಒಡೆದ ಹುಡುಗನನ್ನು ಓದಿ ಬೆಚ್ಚಿಬಿದ್ದೆ.

ಇದನ್ನೆಲ್ಲ ಬರೆಯಬೇಕು ಎಂದು ಎಷ್ಟೋ ಸಲ ಕುಳಿತಿದ್ದೇನೆ. ಅಮ್ಮ ಪಕ್ಕದ ಕೋಣೆಯಲ್ಲಿ ಇರುತ್ತಾಳೆ. ನೇಪಥ್ಯ ಅವರೇ, ನೀವು ಅದನ್ನು ಜಗಳದ ಭಯ ಎಂದು ಕರೆದಿರಿ. ಜಗಳವಾದರೆ ತಡೆದುಕೊಳ್ಳಬಹುದು. ಅವಳು ಓದಿ, ಕನ್ನಡಕ ತೆಗೆದು, ‘ನಿನಗೆ ಹೀಗನ್ನಿಸಿತ್ತೇ’ ಎಂದು ಕೇಳಿದರೆ ಏನು ಮಾಡಲಿ?

ಕರಡುಪ್ರತಿ

ಸಂಜೆ ಶಿಫ್ಟ್ ಅವರೇ, ನಿಮ್ಮ ಅನುಭವಕ್ಕೆ ಈಗ ಒಂದಿಷ್ಟು ಕಾನೂನಿನ ಆಸರೆ ಇದೆ. ತಡವಾಗಿ ಬಂತು ಎನ್ನುವುದು ಬೇರೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದಾಗ ಬಾಲಕಲಾವಿದರಿಗೆ ವಿನಾಯಿತಿ ಕೊಟ್ಟರು, 2017ರ ನಿಯಮಗಳಲ್ಲಿ ಅದಕ್ಕೆ ಷರತ್ತು ಹಾಕಿದರು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ಸತತ 27 ದಿನಕ್ಕಿಂತ ಹೆಚ್ಚು ದುಡಿಸಬಾರದು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಪಾಲ್ಗೊಳ್ಳುವಂತೆ ಮಾಡಬಾರದು. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ಉಳಿದ ಶೇ 80 ಎಲ್ಲಿಗೆ ಹೋಗುತ್ತದೆ ಎಂದು ನಿಯಮ ಕೇಳುವುದಿಲ್ಲ. ತಾರಸಿಗೆ ಹೋಗಬಹುದು.

ಈ ಠೇವಣಿಯ ಆಲೋಚನೆಗೆ ಅಮೆರಿಕದಲ್ಲಿ ಹಳೆಯ ಪೂರ್ವಕಥೆ ಇದೆ, ಅದೂ ಚಾಪ್ಲಿನ್ ಚಿತ್ರದಿಂದಲೇ ಶುರು. 1921ರ ‘ದಿ ಕಿಡ್’ನಲ್ಲಿ ಗಾಜು ಒಡೆಯುವ ಪುಟ್ಟ ಹುಡುಗ ಜಾಕಿ ಕೂಗನ್. ಲಕ್ಷಾಂತರ ಡಾಲರ್ ದುಡಿದ. ಪ್ರಾಯಕ್ಕೆ ಬಂದು ಕೇಳುವ ಹೊತ್ತಿಗೆ ತಾಯಿ ಮತ್ತು ಮಲತಂದೆ ಬಹುಪಾಲನ್ನು ಖರ್ಚು ಮಾಡಿಬಿಟ್ಟಿದ್ದರು. 1938ರಲ್ಲಿ ಅವರ ಮೇಲೆಯೇ ದಾವೆ ಹೂಡಿದ, ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಮರುವರ್ಷ ಕ್ಯಾಲಿಫೋರ್ನಿಯಾ ಬಾಲನಟರ ಕಾಯ್ದೆ ತಂದಿತು. ಜನ ಅದನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನ ಆತ್ಮಕಥೆ ಎಂದರೆ ನನ್ನ ಪ್ರಕಾರ ಆ ದಾವೆಯ ಕಾಗದಗಳೇ.

ತೆರೆಮರೆ

ಅಮೆರಿಕದವರಾದರೆ ಬರೆದೇ ಬಿಡುತ್ತಾರೆ. ಜೆನೆಟ್ ಮೆಕರ್ಡಿ ಎಂಬ ಬಾಲನಟಿ 2022ರಲ್ಲಿ ‘ಅಮ್ಮ ಸತ್ತದ್ದು ನನಗೆ ಖುಷಿ’ ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟು ಪುಸ್ತಕ ತಂದಳು. ಇಲ್ಲಿ ಅಂಥ ಹೆಸರಿಟ್ಟರೆ ಮುದ್ರಕನೇ ಮನೆಗೆ ಬಂದು ಬುದ್ಧಿ ಹೇಳುತ್ತಾನೆ!

ಮೂರನೆಯ ಗಂಟೆ

ಬುದ್ಧಿ ಹೇಳಿದರೆ ಒಳ್ಳೆಯದೇ. ಮಾರಾಟಕ್ಕೆ ಇಟ್ಟ ತಲೆಬರಹ ಅದು.

ಸಂಜೆ ಶಿಫ್ಟ್

ತಲೆಬರಹ ಬಿಡಿ, ಒಳಗೆ ಓದಿ. ತಾಯಿ ಆಕೆಯ ಊಟವನ್ನು ಲೆಕ್ಕ ಹಾಕಿ ಕಡಿಮೆ ಮಾಡುತ್ತಾ ಬಂದ ಪುಟಗಳಿವೆ, ಮಗು ಬೆಳೆಯದೆ ಚಿಕ್ಕದಾಗಿಯೇ ಕಾಣಿಸಬೇಕು ಎಂದು. ಅಲ್ಲಿ ದ್ವೇಷಕ್ಕಿಂತ ಆ ತಾಯಿಯನ್ನು ಮೆಚ್ಚಿಸಬೇಕೆಂಬ ಹಂಬಲವೇ ಹೆಚ್ಚು. ಅದೂ ತಾಯಿ ತೀರಿಕೊಂಡು ವರ್ಷಗಳಾದ ಮೇಲೆ ಬರೆದದ್ದು. ನೇಪಥ್ಯ ಅವರ ಲೆಕ್ಕಕ್ಕೇ ಬಂತು.

ಹಳೆಯ ಸಂಚಿಕೆ

ಹೆಂಗಸರು ಬರೆಯುವುದು ನಿನ್ನೆ ಮೊನ್ನೆಯ ಮಾತಲ್ಲ. ಬಂಗಾಳದ ಬಿನೋದಿನಿ ದಾಸಿಯ ‘ಆಮಾರ್ ಕಥಾ’ ನೂರು ವರ್ಷಕ್ಕೂ ಹಳೆಯದು. ಹನ್ನೆರಡರ ಆಸುಪಾಸಿನಲ್ಲಿ ರಂಗಕ್ಕೆ ಬಂದವಳು, ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಬಿಟ್ಟವಳು. ಅವಳ ತ್ಯಾಗದಿಂದ ಎದ್ದ ರಂಗಮಂದಿರಕ್ಕೆ ಅವಳ ಹೆಸರಿಡುವ ಮಾತು ಕೊಟ್ಟು, ಕೊನೆಗೆ ಸ್ಟಾರ್ ಥಿಯೇಟರ್ ಎಂದು ನೋಂದಾಯಿಸಿದರು. ಗುರು ಗಿರೀಶಚಂದ್ರ ಘೋಷ್ ಬರೆದುಕೊಟ್ಟ ಮುನ್ನುಡಿ ಅವಳಿಗೆ ಒಪ್ಪಿಗೆಯಾಗಲಿಲ್ಲ, ನಡೆದದ್ದನ್ನು ಬಿಟ್ಟಿದ್ದೀರಿ ಎಂದಳು. ಗುರುವಿನ ಮುನ್ನುಡಿಯನ್ನೇ ಪ್ರಶ್ನಿಸಿದ ಆತ್ಮಕಥೆ! ಆ ಕಟ್ಟಡ ಈಗಿಲ್ಲ, ಸ್ಟಾರ್ ಹೆಸರಿನ ಈಗಿನ ರಂಗಮಂದಿರಕ್ಕೆ ಅವಳ ಹೆಸರು ಬಂದದ್ದು 2024ರ ಕೊನೆಗೆ.

ಹಂಸಾ ವಾಡಕರ್ ಕೂಡ ಹಾಗೆಯೇ. ಮನೆಯ ಒಲೆ ಉರಿಯಲೆಂದು ಬಾಲ್ಯದಲ್ಲೇ ಚಿತ್ರರಂಗಕ್ಕೆ ಬಂದವಳು. ಆಕೆಯ ಕಥನದ ಎಳೆ ಹಿಡಿದು ಶ್ಯಾಮ್ ಬೆನಗಲ್ 1977ರಲ್ಲಿ ‘ಭೂಮಿಕಾ’ ತೆಗೆದರು. ಅದರ ಚಿತ್ರಕಥೆ ಬರೆದವರಲ್ಲಿ ಕಾರ್ನಾಡ್, ನಟಿಸಿದವರಲ್ಲಿ ಅನಂತನಾಗ್. ಇಬ್ಬರೂ ಮುಂದೆ ತಮ್ಮ ಮನೆಯ ಕಥೆ ಬರೆದರು ಎಂಬುದು ಕಾಕತಾಳೀಯವೋ ಏನೋ, ನನಗೆ ಮಾತ್ರ ಯೋಚಿಸಲು ಇಷ್ಟ.

ಈ ಇಬ್ಬರು ಹೆಂಗಸರ ಪುಸ್ತಕಗಳಲ್ಲಿ ಕೀರ್ತಿಯ ಅಧ್ಯಾಯ ಸೊರಗಿಲ್ಲ. ಅವರಿಗೆ ಕಾಪಾಡಿಕೊಳ್ಳಬೇಕಾದ ಮನೆತನದ ಮಾನ ಎಂಬುದನ್ನು ಸಮಾಜ ಕೊಟ್ಟೇ ಇರಲಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರು ನಿಜ ಬರೆದರು.

ಅರ್ಧವಿರಾಮ

ಕೊನೆಯ ವಾಕ್ಯಕ್ಕೆ ನನ್ನ ತಕರಾರಿದೆ. ಕಳೆದುಕೊಳ್ಳಲು ಅವರಿಗೂ ಇತ್ತು. ಹಂಸಾ ವಾಡಕರ್‌ಗೆ ಮಗಳಿದ್ದಳು. ಧೈರ್ಯವನ್ನು ಬಡತನದ ಲೆಕ್ಕಕ್ಕೆ ಜಮಾ ಮಾಡಬೇಡಿ.

ಹಳೆಯ ಸಂಚಿಕೆ

ಇರಲಿ, ಆದರೂ ನನ್ನ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾರೆ.

ನೇಪಥ್ಯ

ಪುನೀತ್ ರಾಜ್‌ಕುಮಾರ್ ವಿಷಯ ಯಾರಾದರೂ ಎತ್ತುತ್ತಾರೆ ಎಂದು ಕಾದೆ. ಕೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ಯಲ್ಲಿ ಕಾಣಿಸಿಕೊಂಡವರು. ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’, ‘ಭಕ್ತ ಪ್ರಹ್ಲಾದ’, ಆಮೇಲೆ 1985ರ ‘ಬೆಟ್ಟದ ಹೂವು’, ಅದಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ. 2021ರಲ್ಲಿ ನಲವತ್ತಾರಕ್ಕೆ ಹೋದರು. ಆ ಬಾಲ್ಯವನ್ನು ಇಡೀ ನಾಡು ಕಂಡಿದೆ, ಇಂದೂ ಹಾಕಿ ನೋಡಬಹುದು. ಆದರೆ ತೆರೆಯ ಮೇಲಿರುವುದು ‘ಬೆಟ್ಟದ ಹೂವು’ ಚಿತ್ರದ ರಾಮುವಿನ ಬಾಲ್ಯ, ಪ್ರಹ್ಲಾದನ ಬಾಲ್ಯ. ಚಿತ್ರೀಕರಣ ಮುಗಿದು ಕಾರಿನಲ್ಲಿ ನಿದ್ದೆ ಹೋದ ಹುಡುಗನದ್ದು ಯಾವ ರೀಲಿನಲ್ಲೂ ಇಲ್ಲ. ಅದನ್ನು ಆ ಹುಡುಗನೇ ಬರೆಯಬೇಕು. ನನ್ನ ಮೊದಲ ಬರಹದ ಹಿಂದಿದ್ದ ಸಂಕಟ ಇದು. ನಮ್ಮವರು ಬರೆಯಲು ಅರವತ್ತು ಎಪ್ಪತ್ತು ಆಗಲಿ ಎಂದು ಕಾಯುತ್ತಾರೆ. ಎಲ್ಲರಿಗೂ ಅಷ್ಟು ವಯಸ್ಸು ಸಿಗುವುದಿಲ್ಲ. ಸಿಕ್ಕವರಿಗೆ ಆ ಹೊತ್ತಿಗೆ ಶಾಲುಗಳೇ ನೆನಪಿರುತ್ತವೆ.

ಬಣ್ಣದಪೆಟ್ಟಿಗೆ

ಹಾಗೆಂದು ಮೂವತ್ತಕ್ಕೇ ಬರೆಯಲು ಹೊರಟರೆ ಬರೀ ದೂರು ಬರೆಯುತ್ತಾರೆ. ನನ್ನ ಸಲಹೆ ಬೇರೆ. ಒಂದೇ ಕಂಪನಿಯನ್ನು ಎರಡು ತಲೆಮಾರು ಬರೆದದ್ದನ್ನು ಓದಿ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ ಮಾಲೀಕನ ಕುರ್ಚಿಯಿಂದ ಕಂಡ ಕಂಪನಿ: ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರ ದೃಷ್ಟಿ. ಮೊಮ್ಮಗಳು ಜಯಶ್ರೀ ಅವರದು ಅದೇ ಕಂಪನಿಯ ಅಂಗಳದಲ್ಲಿ ಆಡಿಕೊಂಡಿದ್ದ ಮಗುವಿನ ಕಣ್ಣು. ತಾತನ ಪುಸ್ತಕದಲ್ಲಿ ಇಲ್ಲದವರು ಮೊಮ್ಮಗಳ ಪುಸ್ತಕದಲ್ಲಿ ಸಿಗುತ್ತಾರೆ. ಮೊಮ್ಮಗಳಿಗೆ ಕಾಣದ ಲೆಕ್ಕಪತ್ರ ತಾತನಿಗೆ ಗೊತ್ತು.

ಸಂಜೆ ಶಿಫ್ಟ್ ಅವರೇ, ನಿಮ್ಮ ಅಮ್ಮನೂ ಬರೆಯಲಿ. ಕೆಲಸ ಬಿಟ್ಟು ಸೆಟ್ಟಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತವರ ಪುಸ್ತಕ ಕನ್ನಡದಲ್ಲಿ ನಾನು ನೋಡಿಲ್ಲ.

ಸಂಜೆ ಶಿಫ್ಟ್

ಅವಳನ್ನು ಕೇಳಿದೆ. ‘ನಾನೇನು ನಟಿಯೇ’ ಎಂದಳು. ಸ್ವಲ್ಪ ಹೊತ್ತಿನ ನಂತರ ಬಂದು, ಆ ಧಾರಾವಾಹಿಯ ಕಾಲ್‌ಶೀಟ್ ಡೈರಿಗಳನ್ನು ಎಲ್ಲಿಟ್ಟೆ ಎಂದು ನನ್ನನ್ನೇ ಬೈದಳು. ಅವಳು ಡೈರಿ ಬರೆಯುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಅಟ್ಟದ ಮೇಲೆ ಹುಡುಕಬೇಕು.

ಮೂರನೆಯ ಗಂಟೆ

ಹುಡುಕಿ. ಆದರೆ ಅಕ್ಕನನ್ನೂ ಒಂದು ಮಾತು ಕೇಳಿ.